ಕವಳಿ ಬೇಲಿ

ಯುರೋಪಿನ ಹಳ್ಳಿಗಳಲ್ಲಿ ಹಾಥಾರ್ನ್ ಎಂಬ ಮುಳ್ಳುಮರವನ್ನು ಬೇಲಿಗೆ ನೆಡುತ್ತಾರೆ. ಬೇಸಿಗೆಯ ಬಾಗಿಲಲ್ಲಿ ಬಿಳಿ ಹೂ, ಆಮೇಲೆ ಕೆಂಪು ಹಣ್ಣು. ಅದರ ಬೀಜ ಮೊಳೆಯಲಿಕ್ಕೆ ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಕು. ಕಾಳಿ ದಂಡೆಯ ಮೌಳಂಗಿಗೆ ಅದನ್ನು ಎಲ್ಲಿಂದ ತರುವುದು? ಮುಳ್ಳು, ಹೂ, ಹಣ್ಣು ಮೂರೂ ಬೇಕೆಂದರೆ ನಮಗೆ ಕವಳಿ ಇದೆ.

‘ಕಾಡ ತುಂಬ ಕವಳಿ ಬಿದ್ದೈತಿ, ನೀವು ನೀರು ಹಾಕಿ ಬೆಳಸ್ತೀರಲ್ರೀ ಅಕ್ಕಾರ’ ಎಂದು ಹಾಲಿನವಳು ನಗುತ್ತಾಳೆ. ನೀರೇನೋ ಮೊದಲ ಬೇಸಿಗೆಗಷ್ಟೇ. ಬೀಜದ್ದೇ ಅವಸರ: ಹಣ್ಣಿನಿಂದ ತೆಗೆದ ಕೂಡಲೇ ತೊಳೆದು ಊರಬೇಕು, ಡಬ್ಬಿಯಲ್ಲಿಟ್ಟು ಮರೆತರೆ ಮೊಳೆಯುವ ಕಸುವು ಹೋಗುತ್ತದೆ. ಮೇನಲ್ಲಿ ಹಣ್ಣು, ಜೂನಿನಲ್ಲಿ ಮಳೆ. ಗಿಡದ ಲೆಕ್ಕ ಸರಿಯಾಗಿಯೇ ಇದೆ. ಜಂಬಿಟ್ಟಿಗೆ ನೆಲವಾದರೂ ಆದೀತು, ಬುಡದಲ್ಲಿ ನೀರು ನಿಂತರೆ ಮಾತ್ರ ಆಗದು. ಎರಡು ಮೂರು ಅಡಿಗೊಂದು ಸಸಿ ಇಟ್ಟು ಸುಮ್ಮನಿರಬೇಕು. ಮೊದಲೆರಡು ವರ್ಷ ಅದು ಬೆಳೆಯುತ್ತಿದೆಯೋ ಮುನಿಸಿಕೊಂಡಿದೆಯೋ ತಿಳಿಯುವುದಿಲ್ಲ.

ನಿಜವಾದ ತಕರಾರು ಕತ್ತರಿಯದು. ನದಿಯ ಉದ್ದಕ್ಕೂ ರೆಸಾರ್ಟುಗಳು ಬಂದ ಮೇಲೆ ಬೇಲಿಯೆಂದರೆ ಗೋಡೆಯ ಹಾಗೆ ನೆಟ್ಟಗಿರಬೇಕೆಂಬ ರುಚಿ ಊರಿಗೂ ಹತ್ತಿದೆ. ಕವಳಿ ಹೂ ಬಿಡುವುದು ಚಿಗುರಿನ ತುದಿಯಲ್ಲಿ. ಚಳಿ ಮುಗಿಯುವ ಹೊತ್ತಿಗೆ ಅಂದವೆಂದು ತುದಿ ಸವರಿದಿರೋ, ಆ ವರ್ಷದ ಹಣ್ಣನ್ನೂ ಸವರಿದಂತೆ. ಹಾಗಾಗಿ ನಾನು ಹಣ್ಣು ಮುಗಿದು ಮಳೆ ಹಿಡಿದ ಮೇಲೆಯೇ ಕತ್ತರಿ ತೆಗೆಯುತ್ತೇನೆ, ಅದೂ ರಸ್ತೆಯ ಮಗ್ಗುಲಿಗೆ ಮಾತ್ರ. ಒಳಮಗ್ಗುಲು ತನ್ನಿಷ್ಟದಂತೆ ಕೈಚಾಚಿಕೊಂಡಿದೆ. ಬಂದವರು ಇದನ್ನು ಸೋಮಾರಿತನ ಎನ್ನುತ್ತಾರೆ. ಮಾರ್ಚಿನಲ್ಲಿ ಮಲ್ಲಿಗೆಯಂಥ ಘಮ ಅಂಗಳಕ್ಕೆ ಬರುವಾಗ ಅವರಾರೂ ಇಲ್ಲಿರುವುದಿಲ್ಲ. ಕವಲೊಡೆದ ಮುಳ್ಳು, ಗೀರಿದಲ್ಲೆಲ್ಲ ಬಿಳಿ ಹಾಲು. ಅಂಗಿಗೆ ಅಂಟಿದರೆ ಕಲೆ ಹೋಗದು. ಹಳೇ ಸೀರೆ, ತುಂಬುತೋಳಿನ ರವಿಕೆ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ನರ್ಸರಿಯಲ್ಲಿ ಗುಲಾಬಿ ಬಣ್ಣದ ದಪ್ಪ ಕಾಯಿಯ ಜಾತಿಯೂ ಸಿಗುತ್ತದೆ. ಉಪ್ಪಿನಕಾಯಿಗೆ, ಜೆಲ್ಲಿಗೆ ಅದೇ ಸೈ. ಪೆಕ್ಟಿನ್ ಹೇರಳವಾದ್ದರಿಂದ ಪಾಕ ತಾನಾಗಿ ಹೆಪ್ಪುಗಟ್ಟುತ್ತದೆ. ಬಾಯಿಗೆ ಮಾತ್ರ ಕಾಡಿನ ಕರಿ ಕವಳಿಯೇ. ಧಾರವಾಡದ ಸಂತೆಯಲ್ಲಿ ಎಲೆಯ ದೊನ್ನೆಗೆ ಇಷ್ಟೆಂದು ಕೊಂಡು ತಿಂದವರಿಗೆ ಇದನ್ನು ವಿವರಿಸಬೇಕಿಲ್ಲ.

ದಾಂಡೇಲಿಗೆ ಜನ ಬರುವುದು ಮಂಗಟ್ಟೆ ನೋಡಲು. 2011ರಲ್ಲಿ ಸರ್ಕಾರ ಆ ಹಕ್ಕಿಯ ಹೆಸರಿನಲ್ಲೇ ಸಂರಕ್ಷಿತ ಪ್ರದೇಶ ಘೋಷಿಸಿತು. ಆ ದೊಡ್ಡ ಮನುಷ್ಯರು ನಮ್ಮ ಬೇಲಿಯ ಮೇಲಿಂದ ರೆಕ್ಕೆ ಸದ್ದು ಮಾಡುತ್ತ ಆಲ, ಅತ್ತಿಗಳತ್ತ ಹೋಗುತ್ತಾರೆ, ಇಳಿಯುವುದಿಲ್ಲ. ಕವಳಿಗೆ ಬರುವುದು ಪಿಕಳಾರ. ಹಣ್ಣು ಕಪ್ಪಾದದ್ದು ನನಗಿಂತ ಮೊದಲು ಅದಕ್ಕೆ ಗೊತ್ತು. ದನ ಈ ಬೇಲಿ ದಾಟುವುದಿಲ್ಲ, ಮೇಕೆಯೂ ಯೋಚಿಸುತ್ತದೆ. ಮೇ ರಜೆಯ ಹುಡುಗರು ಮೊಣಕೈ ತರಚಿಕೊಂಡು, ತುಟಿಗೆ ಅಂಟು ಮೆತ್ತಿಕೊಂಡು ಆಚೆಯಿಂದ ಈಚೆಗೆ ಬಂದೇ ಬರುತ್ತಾರೆ.