ಮೂರು ಇಂಚು

ಮೊದಲೇ ಹೇಳಿಬಿಡ್ತೀವಿ. ಈ ಲೇಖನದಲ್ಲಿ ‘ನಾವು’ ಅಂದ್ರೆ ಇಬ್ಬರು. ಅಣ್ಣತಮ್ಮಂದಿರ ಮಕ್ಕಳು. ಒಂದೇ ಮನೆ, ಒಂದೇ ಕಾಲೇಜು, ಇಬ್ಬರೂ ಮೆಕ್ಯಾನಿಕಲ್ ಮೂರನೇ ಸೆಮ್. ಬರೀತಿರೋದು ಒಬ್ಬನೇ ಆದರೂ ಮಾಡೋಕೆ ಹೊರಟಿದ್ದ ತಪ್ಪು ಇಬ್ಬರದ್ದೂ. ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ, ಅಲ್ಲಲ್ಲಿ ಒತ್ತಕ್ಷರ ಕೈಕೊಟ್ಟಿದ್ರೆ ಸಹಿಸಿಕೊಳ್ಳಿ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಸ್ವಲ್ಪ ಗದ್ದೆ, ಹಿಂದೆ ಕಾಡು. ಮನೇಲಿ ಅಜ್ಜಯ್ಯನ ಹೆಸರಲ್ಲಿ ಒಂದು ಕೋವಿ ಇದೆ. ಒಂಟಿ ನಳಿಗೆಯ ತೋಟಾ ಕೋವಿ. ನಾವು ಹುಟ್ಟೋಕೆ ಮುಂಚಿನಿಂದ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸು. ಹಂದಿ ಗದ್ದೆಗೆ ನುಗ್ಗಿದ ರಾತ್ರಿ ಅಜ್ಜಯ್ಯ ಆಕಾಶಕ್ಕೆ ಒಂದು ಈಡು ಹೊಡೀತಿದ್ರು, ಅಷ್ಟೇ. ಕೋವಿ ಇದೆ ಅಂತ ಪ್ರಾಣಿ ಹೊಡೆಯೋ ಹಾಗಿಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ.

ಕಳೆದ ದಸರಾ ರಜೆಗೆ ಊರಿಗೆ ಹೋಗಿದ್ವಿ. ಆಯುಧಪೂಜೆ ಹಿಂದಿನ ದಿನ ಕತ್ತಿ, ಹಾರೆ, ಪಂಪ್‌ಸೆಟ್, ಬೈಕು ಎಲ್ಲಾ ತೊಳೆದಾಯ್ತು. ಕೊನೆಗೆ ಅಜ್ಜಯ್ಯ ಕೋವಿ ತಂದು, ಒಳಗೆ ತೋಟಾ ಇಲ್ಲ ಅಂತ ಎರಡು ಸಲ ನೋಡಿ, ಜಗಲಿ ಮೇಲೆ ಇಟ್ರು. ಆಗ ಕಂಡಿದ್ದು: ನಳಿಗೆಯ ಬಾಯಿ ಒಂದು ಕಡೆ ಜಜ್ಜಿಹೋಗಿದೆ. ಮಳೆಗಾಲದಲ್ಲಿ ಮಾಳದ ಮೇಲಿಂದ ಬಿದ್ದಿತ್ತಂತೆ.

ನಾವು ಇಂಜಿನಿಯರುಗಳಲ್ವಾ! ಫಿಟ್ಟಿಂಗ್ ಲ್ಯಾಬಲ್ಲಿ ಕಬ್ಬಿಣ ಕೊಯ್ದು, ಅರ ಹಾಕಿ, ರೆಕಾರ್ಡಿಗೆ ಸೈನ್ ಹಾಕಿಸಿಕೊಂಡವರು. ಅಳತೆ ಮಾಡಿದ್ವಿ, ನಳಿಗೆ ಮೂವತ್ತು ಇಂಚು. ಜಜ್ಜಿದ ಭಾಗ ಸೇರಿಸಿ ಮೂರು ಇಂಚು ಕೊಯ್ದು ತೆಗೆದ್ರೆ ಮುಗೀತು. ಮೇಲಾಗಿ ಗೇಮ್‌ಗಳಲ್ಲಿ ಮೋಟು ಕೋವಿ ನೋಡಿ ನೋಡಿ, ಅದೇನು ದೊಡ್ಡ ವಿಷಯ ಅಂತ ಅನ್ನಿಸಿತ್ತು. ಚಾಕ್‌ಪೀಸಲ್ಲಿ ಗೆರೆ ಎಳೆದು, ಪಂಪ್‌ಹೌಸಿನಿಂದ ಹ್ಯಾಕ್ಸಾ ತಂದ್ವಿ.

ಅಜ್ಜಯ್ಯ ಕವಳ ಉಗಿದು ಬಂದ್ರು. ಗೆರೆ ನೋಡಿದ್ರು. ಬೈಯ್ಯಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಲೈಸೆನ್ಸ್ ಪುಸ್ತಕ ತಂದು ನಮ್ಮ ಮುಂದೆ ಹಾಕಿದ್ರು.

“ಜೈಲಿಗೆ ಹೋಗೋರು ನೀವಾ, ನಾನಾ? ಮೊದಲು ಕಾನೂನು ಓದ್ರೋ. ಆಮೇಲೆ ಗರಗಸ ಹಿಡೀರಿ.”

ಅವತ್ತು ರಾತ್ರಿ, ಒಂದು ಕಡ್ಡಿ ಸಿಗ್ನಲ್ಲಿಗೆ ಅಂಗಳದಲ್ಲಿ ನಿಂತು, 1959ರ ಶಸ್ತ್ರಾಸ್ತ್ರ ಕಾಯ್ದೆ ಓದಿದ್ವಿ. ಇಂಗ್ಲಿಷ್ ಮೀಡಿಯಂ ಆದ್ರೂ ಒಂದೊಂದು ವಾಕ್ಯ ಮೂರು ಸಲ ಓದಬೇಕಾಯ್ತು. 6ನೇ ಸೆಕ್ಷನ್ನಿಗೆ ಬಂದಾಗ ಇಬ್ಬರೂ ಸುಮ್ಮನಾದ್ವಿ. ಪ್ರತ್ಯೇಕ ಲೈಸೆನ್ಸ್ ಇಲ್ಲದೆ ಯಾರೂ ಕೋವಿಯ ನಳಿಗೆಯನ್ನು ಗಿಡ್ಡ ಮಾಡುವಂತಿಲ್ಲ. ಮೂರು ಇಂಚಾ, ಮೂವತ್ತಾ ಅನ್ನೋ ಪ್ರಶ್ನೆಯೇ ಇಲ್ಲ. ಶಿಕ್ಷೆ 25ನೇ ಸೆಕ್ಷನ್ನಲ್ಲಿದೆ. 2019ರ ತಿದ್ದುಪಡಿ ಆದಮೇಲೆ ಕನಿಷ್ಠ ಏಳು ವರ್ಷ, ಜೀವಾವಧಿವರೆಗೂ ಹೋಗಬಹುದು. ನಮ್ಮ ಇಡೀ ಡಿಗ್ರಿಯೇ ನಾಲ್ಕು ವರ್ಷ. ರಿಪೇರಿ ಮಾಡೋ ಕಸುಬಿಗೂ ಲೈಸೆನ್ಸ್ ಬೇಕು, ಅದು 5ನೇ ಸೆಕ್ಷನ್ನು.

ಅದೇ ಕಾಯ್ದೆಯ 13ನೇ ಸೆಕ್ಷನ್ನಲ್ಲಿ ಇನ್ನೊಂದು ಅಳತೆ ಇದೆ. ರಕ್ಷಣೆಗೆ ಅಥವಾ ಕ್ರೀಡೆಗೆ ಕೊಡುವ ನುಣುಪು ನಳಿಗೆಯ ಕೋವಿಗೆ ನಳಿಗೆ ಇಪ್ಪತ್ತು ಇಂಚಿಗೆ ಕಡಿಮೆ ಇರಬಾರದು. ಬೆಳೆ ಕಾಯೋಕೆ ಮೊದಲ ಆಯ್ಕೆ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದ್ರೆ ಮಾತ್ರ ನಮ್ಮಂಥ ತೋಟಾ ಕೋವಿ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರಿಸೋ ಬಂದೂಕು ‘ನಿಷೇಧಿತ ಶಸ್ತ್ರ’, ಅದು ನಮ್ಮಂಥ ಸಾಮಾನ್ಯರ ಲೆಕ್ಕದಲ್ಲೇ ಇಲ್ಲ. ಒಬ್ಬರ ಹೆಸರಲ್ಲಿ ಮೂರು ಕೋವಿ ಇರಬಹುದಿತ್ತು, 2019ರಲ್ಲಿ ಅದನ್ನ ಎರಡಕ್ಕೆ ಇಳಿಸಿದ್ರು.

ಆದ್ರೂ ಒಂದು ಪ್ರಶ್ನೆ ಉಳೀತು. ಕಾನೂನಿಗೆ ಉದ್ದದ ಮೇಲೆ ಯಾಕಿಷ್ಟು ಸಿಟ್ಟು? ಕಾಲೇಜಿಗೆ ವಾಪಸ್ ಬಂದಮೇಲೆ ಹುಡುಕಿದ್ವಿ. ಅಮೆರಿಕದಲ್ಲಿ ಕೋವಿ ಸಿಗೋದು ಸಲೀಸು ಅಂತಾರಲ್ಲ, ಅಲ್ಲೂ ಇದೇ ಕಥೆ. 1934ರ ಕಾಯ್ದೆ ಪ್ರಕಾರ ರೈಫಲ್ ನಳಿಗೆ 16 ಇಂಚಿಗಿಂತ, ಶಾಟ್‌ಗನ್ ನಳಿಗೆ 18 ಇಂಚಿಗಿಂತ ಗಿಡ್ಡ ಇದ್ರೆ ಸರ್ಕಾರದಲ್ಲಿ ನೋಂದಣಿ ಆಗಲೇಬೇಕು. ಅದರ ಜೊತೆ 200 ಡಾಲರ್ ತೆರಿಗೆ ಇತ್ತು. ಗಿಡ್ಡ ನಳಿಗೆಯವಕ್ಕೆ 2026ರ ಜನವರಿಯಿಂದ ಅದನ್ನ ಸೊನ್ನೆ ಮಾಡಿದ್ದಾರೆ, ನೋಂದಣಿ ಮಾತ್ರ ಹಾಗೇ ಇದೆ. ಕಾರಣ ಸರಳ: ಉದ್ದದ ಕೋವಿ ಹಿಡಿದು ಬರೋನು ದೂರದಿಂದಲೇ ಕಾಣ್ತಾನೆ, ಗಿಡ್ಡದ್ದು ಕೋಟಿನೊಳಗೆ ಅಡಗುತ್ತೆ. ತಮಾಷೆ ಅಂದ್ರೆ, ಮೊದಲ ಕರಡಿನಲ್ಲಿ ಪಿಸ್ತೂಲೂ ಇತ್ತಂತೆ. ಅದನ್ನ ಆಮೇಲೆ ಬಿಟ್ಟರು. ಅಡಗಿಸೋಕೆ ಎಲ್ಲಕ್ಕಿಂತ ಸುಲಭದ್ದು ಹೊರಗುಳೀತು, ಕೊಯ್ದ ರೈಫಲ್ ಒಳಗೇ ಉಳೀತು. ಕಾನೂನು ಅನ್ನೋದು ನಮ್ಮ ಡಿಸೈನ್ ಪ್ರಾಜೆಕ್ಟ್ ಥರವೇ. ನಡುವೆ ಒಂದು ಪಾರ್ಟ್ ಕಿತ್ತು ಹಾಕಿದ್ರೂ ಉಳಿದ ಡೈಮೆನ್ಶನ್ ಯಾರೂ ತಿದ್ದಲ್ಲ.

ಇದನ್ನೆಲ್ಲ ಹಾಸ್ಟೆಲಲ್ಲಿ ಹೇಳ್ತಿದ್ರೆ ನಮ್ಮ ಕೊಡಗಿನ ರೂಮ್‌ಮೇಟ್ ನಗ್ತಾ ಕೂತಿದ್ದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡೀತು. ಅವನ ಮನೇಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ. “ಅದೃಷ್ಟವಂತ ನೀನು” ಅಂದ್ವಿ. ಅವನು ನಗು ನಿಲ್ಲಿಸಿ ಹೇಳಿದ, “ವಿನಾಯಿತಿ ಇರೋದಕ್ಕೇ ನಮ್ಮಲ್ಲಿ ಕೋವಿನ ಮಕ್ಕಳ ಕೈಗೆ ಕೊಡಲ್ಲ ಮಾರಾಯ. ಒಬ್ಬ ತಪ್ಪು ಮಾಡಿದ್ರೆ ಎಲ್ಲರದ್ದೂ ಹೋಗುತ್ತೆ.” ನಮ್ಮ ಚಾಕ್ ಗೆರೆ ನೆನಪಾಯ್ತು.

ಹಾಗಂತ ಎಲ್ಲ ನಿಯಮವೂ ಸರಿ ಅಂತ ನಮಗೆ ಅನ್ನಿಸಲ್ಲ. ಪ್ರತಿ ಚುನಾವಣೆಗೂ ನಮ್ಮ ಕಡೆ ಕೋವಿನ ಸ್ಟೇಷನ್ನಿಗೆ ಒಪ್ಪಿಸಬೇಕು. ಅಜ್ಜಯ್ಯ ಗೋಣಿಚೀಲ ಸುತ್ತಿ, ಬಸ್ಸು ಹತ್ತಿ, ರಸೀದಿ ತಗೊಂಡು ಬರ್ತಾರೆ. ಹಂದಿಗಳಿಗೆ ನೀತಿಸಂಹಿತೆ ಇಲ್ವಲ್ಲ! ಅಷ್ಟೂ ದಿನ ಡಬ್ಬಿ ಬಡಿದು ಗದ್ದೆ ಕಾಯೋದು. ಯಾವ ಕೇಸೂ ಇಲ್ಲದ ಎಂಬತ್ತರ ಹತ್ತಿರದ ಮುದುಕರು ಯಾರನ್ನ ಹೆದರಿಸಿ ವೋಟು ಹಾಕಿಸ್ತಾರೆ? ಈ ಮಾತನ್ನ ಅಜ್ಜಯ್ಯನಿಗೇ ಹೇಳಿದ್ವಿ. “ನಂಗೆ ಗೊತ್ತು ನಾನು ಹೆದರಿಸಲ್ಲ ಅಂತ. ಸ್ಟೇಷನ್ನವರಿಗೆ ಹೆಂಗೆ ಗೊತ್ತಾಗಬೇಕು?” ಅಂದ್ರು.

ಹೊರಡೋ ದಿನ ಅವರು ಇನ್ನೊಂದು ವಿಷಯ ತೆಗೆದಿದ್ರು. ಎಪ್ಪತ್ತು ದಾಟಿದವರು ವಾರಸುದಾರರ ಹೆಸರಿಗೆ ಕೋವಿ ಕೊಡೋಕೆ ಅರ್ಜಿ ಹಾಕಬಹುದು. ನಮ್ಮ ಅಪ್ಪಂದಿರಿಬ್ಬರೂ ಬೇಡ ಅಂದಿದ್ದಾರೆ. ಉಳಿದವರು ನಾವು. ಲೈಸೆನ್ಸಿಗೆ ಇಪ್ಪತ್ತೊಂದು ತುಂಬಬೇಕು, ನಮಗೆ ಹತ್ತೊಂಬತ್ತು.

“ಇನ್ನೆರಡು ವರ್ಷ ತಾನೇ, ಕಾಯ್ತೀನಿ ಬಿಡಿ. ಆದ್ರೆ ಅಷ್ಟೊತ್ತಿಗೆ ನೀವು ಎಲ್ಲಿರ್ತೀರಿ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಇಪ್ಪತ್ತೊಂದಕ್ಕೆ ನಮಗೆ ಪ್ಲೇಸ್‌ಮೆಂಟ್ ಸೀಸನ್. ಬೆಂಗಳೂರಿನ ಪೀಜಿಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೇಳೋಕಾಗಲ್ಲ. ಬೆಳೆ ಇರೋ ಕಡೆ ನಾವೂ ಇರಬೇಕು. ಅಷ್ಟು ಓದಿದ ಕಾಯ್ದೆಯಲ್ಲಿ ಈ ಪ್ರಶ್ನೆಗೆ ಸೆಕ್ಷನ್ ಇರಲಿಲ್ಲ. ಬಸ್ಸು ಬಂತು, ಉತ್ತರ ಹೇಳದೇ ಹತ್ತಿದ್ವಿ.

ಕೋವಿ ಇನ್ನೂ ಜಜ್ಜಿದ ಬಾಯಲ್ಲೇ ಇದೆ. ಲೈಸೆನ್ಸ್ ಇರೋ ರಿಪೇರಿಯವರು ನೋಡಿ ಸರಿ ಅನ್ನೋವರೆಗೂ ಅದರಲ್ಲಿ ತೋಟಾ ಹಾಕೋ ಹಾಗಿಲ್ಲ ಅಂತ ಅಜ್ಜಯ್ಯ ಅದನ್ನ ಬೀಗ ಹಾಕಿ ಇಟ್ಟಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಹಂದಿ ಬಂದಿತ್ತಂತೆ, ಡಬ್ಬಿ ಬಡಿದು ಓಡಿಸಿದ್ರಂತೆ. ಸೆಮ್ ಮುಗಿದ ತಕ್ಷಣ ಊರಿಗೆ ಹೋಗಿ, ಅವರ ಜೊತೆ ರಿಪೇರಿಯವರ ಹತ್ರ ಹೋಗೋದು ಅಂತ ತೀರ್ಮಾನ ಮಾಡಿದ್ದೀವಿ. ಗೋಣಿಚೀಲ ಹಿಡಿಯೋದು ಅವರೇ, ಲೈಸೆನ್ಸ್ ಅವರದ್ದಲ್ವಾ. ನಾವು ಪಕ್ಕದ ಸೀಟಲ್ಲಿ ಕೂರ್ತೀವಿ. ದಾರಿಯಲ್ಲಿ ಆ ಪ್ರಶ್ನೆ ಮತ್ತೆ ಬರುತ್ತೆ, ಗೊತ್ತು.