ಬಲದಿಂದ ಎಡಕ್ಕೆ ಒಂದು ಆಸೆ

ನಮ್ಮ ಕಾಸರಗೋಡಿನ ಕಡೆ ಹುಡುಗರನ್ನು ಮುಂದೇನು ಎಂದು ಕೇಳಿದರೆ ಉತ್ತರ ಮೊದಲೇ ತಯಾರಿರುತ್ತದೆ: ಗಲ್ಫ್, ಮಂಗಳೂರು, ಇಲ್ಲವೇ ಪಿಎಸ್‌ಸಿ ಪರೀಕ್ಷೆ. ಕುಂಬಳೆ ಹತ್ತಿರದ ನಮ್ಮ ನೆರೆಮನೆಯ ಹುಡುಗ ಮಾತ್ರ ಮಾಂಗಾ ಕಲಾವಿದನಾಗುತ್ತಾನಂತೆ. ಮಾಂಗಾ ಎಂದರೆ ಜಪಾನಿನ ಕಪ್ಪುಬಿಳುಪು ಚಿತ್ರಕಥೆ. ಬಲದಿಂದ ಎಡಕ್ಕೆ ಓದಬೇಕಾದ್ದು. ಅವನ ಅಮ್ಮನ ಪ್ರಕಾರ ಹುಡುಗನ ಬುದ್ಧಿಯೂ ಈಗ ಅದೇ ದಿಕ್ಕಿಗೆ ತಿರುಗಿದೆ.

ಚಿತ್ರಕಥೆಯ ಹುಚ್ಚು ಈ ಮಣ್ಣಿಗೆ ಹೊಸದೇನಲ್ಲ. ಬಾಲಮಂಗಳದ ಡಿಂಗನಿಗಾಗಿ ದಾರಿ ಕಾದವರು ನಾವು. ಮಲಯಾಳ ಬಲ್ಲವರ ಮನೆಗೆ ಹೋದರೆ ಟೋಮ್ಸ್ ಅವರ ‘ಬೋಬನುಂ ಮೋಳಿಯುಂ’ ಕೂಡ ಸಿಗುತ್ತಿತ್ತು. ಗಡಿಯಲ್ಲಿದ್ದವರಿಗೆ ಇದೊಂದು ಲಾಭ. ಆದರೆ ಓದಿ ನಕ್ಕೆವೇ ಹೊರತು, ಇದನ್ನೇ ಬರೆದು ಬದುಕುತ್ತೇನೆಂದು ನಮ್ಮಲ್ಲಿ ಯಾರೂ ಹೊರಟಿರಲಿಲ್ಲ.

ಅವನ ಪುಸ್ತಕ ತೆರೆದರೆ ಪುಟದ ತುಂಬ ಟೋಕಿಯೋ: ರೈಲು, ಶಾಲೆಯ ಸಮವಸ್ತ್ರ, ಉದುರುವ ಚೆರ್ರಿ ಹೂ. ಹಿರಿಯರಿಗೆ ಇರುವ ಚಟ, ಉಪದೇಶಕ್ಕಿಳಿದೆ.

“ನಮ್ಮೂರನ್ನು ಬರೆ ಮಾರಾಯ. ಅನಂತಪುರದ ಕೆರೆಯಲ್ಲಿ ನೈವೇದ್ಯ ಉಂಡುಕೊಂಡು 2022ರವರೆಗೂ ಬಾಳಿದ ಮೊಸಳೆ ಬಬಿಯಾ ಸಾಲದಾ?”

“ತೆಜುಕಾ ಬುದ್ಧನ ಕಥೆ ಬರೆದದ್ದು ಜಪಾನಿನಲ್ಲಿ ಕೂತೇ ಅಲ್ಲವಾ ಮಾವ?”

ಇದಕ್ಕೇನು ಹೇಳುವುದು? ಒಸಾಮು ತೆಜುಕಾ ವೈದ್ಯಕೀಯ ಓದಿ ಮಾಂಗಾಕ್ಕೆ ಒಲಿದವರು. 1972ರಿಂದ 1983ರವರೆಗೆ ಕಪಿಲವಸ್ತುವಿನ ರಾಜಕುಮಾರನ ಬೆನ್ನು ಹತ್ತಿದವರು. ಅವರಿಗೆ ಕಪಿಲವಸ್ತು ಒದಗಿದರೆ ಕುಂಬಳೆಯವನಿಗೆ ಟೋಕಿಯೋ ಯಾಕೆ ಒದಗಬಾರದು?

ಕಷ್ಟವೆಲ್ಲ ಇರುವುದು ದುಡಿಮೆಯಲ್ಲಿ. ಜಪಾನಿನ ವಾರಪತ್ರಿಕೆಗೆ ಬರೆಯುವವರು ವಾರಕ್ಕೆ ಸುಮಾರು 20 ಪುಟ ಕೊಡಬೇಕು. ಮೊದಲು ಪೆನ್ಸಿಲಿನಲ್ಲಿ ಚೌಕಗಳ ಹಂಚಿಕೆ, ಅದಕ್ಕೆ ಸಂಪಾದಕರ ತಿದ್ದುಪಡಿ, ಆಮೇಲೆ ಶಾಯಿ. ಅವರಿಗೆ ಸಹಾಯಕರ ಪಡೆಯೇ ಇರುತ್ತದೆ. ಇವನಿಗೆ ಇರುವುದು ತಂಗಿ ಒಬ್ಬಳು. ಕಪ್ಪು ತುಂಬುವುದು ಅವಳ ಪಾಲು, ಕೂಲಿ ಐಸ್‌ಕ್ಯಾಂಡಿ.

ಇನ್ನೊಂದು ತೊಡಕು ಕನ್ನಡದ್ದು. ಜಪಾನಿ ಅಕ್ಷರ ಮೇಲಿನಿಂದ ಕೆಳಗಿಳಿಯುವುದರಿಂದ ಅಲ್ಲಿ ಮಾತಿನ ಗುಳ್ಳೆಗಳು ಉದ್ದ, ಸಪೂರ. ಅದರೊಳಗೆ ‘ಹೊರಟುಹೋಗುತ್ತಿದ್ದೇನೆ’ ಎಂದು ತುರುಕಿದರೆ ಒತ್ತಕ್ಷರಗಳು ಗುಳ್ಳೆ ದಾಟಿ ನಾಯಕಿಯ ಮೂಗಿಗೆ ತಾಗುತ್ತವೆ. ಅಳಿಸಿ ಅಳಿಸಿ ಕಾಗದ ತೂತಾದ ಮೇಲೆ ನಾಯಕ ‘ಹೊರಟೆ’ ಎಂದಷ್ಟೇ ಹೇಳಿದ. ಸಂಭಾಷಣೆ ಮೊದಲಿಗಿಂತ ಎಷ್ಟೋ ಚಂದವಾಯಿತು.

ಮೊನ್ನೆ ತಂದು ತೋರಿಸಿದ ಪುಟದಲ್ಲಿ ಟೋಕಿಯೋದ ನೆಲದಡಿಯ ರೈಲು ನಿಲ್ದಾಣವಿತ್ತು. ಗೋಡೆ ನೋಡುತ್ತೇನೆ, ನಮ್ಮ ಬಾಯಾರು, ಎಣ್ಮಕಜೆ ಕಡೆ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗದ್ದೇ! ಮುರಕಲ್ಲಿನ ತೂತುಗಳು, ಪಿಕ್ಕಾಸಿನ ಗೀರು, ಮೂಲೆಯಲ್ಲಿ ಜಿನುಗುವ ನೀರು. ಅವನಿಗೆ ಇದು ಗೊತ್ತಾಗಿಯೇ ಇಲ್ಲ; ಗೋಡೆ ಎಂದರೆ ಅವನ ಕೈ ಬಲ್ಲದ್ದು ಇಷ್ಟೇ. ನಮ್ಮೂರನ್ನು ಬರೆ ಎಂದು ಇವನಿಗೆ ಯಾರೂ ಹೇಳಬೇಕಾಗಿಲ್ಲ. ಇನ್ನು ಆಗಬೇಕಾದ್ದು ವಾರಕ್ಕೆ 20 ಪುಟ.