ಎರಡನೆಯ ಮರಿ

ಕಳೆದ ದೀಪಾವಳಿಯ ರಜೆಗೆ ಬಂದಿದ್ದ ಮೊಮ್ಮಗಳು ತನ್ನ ಮೊಬೈಲಿನಲ್ಲಿ ಒಂದು ಹಕ್ಕಿಯ ಚಿತ್ರವನ್ನು ತೋರಿಸಿ, “ಮುತ್ಯಾ, ಇದು ನಿನ್ನಂಗ ಸಿಟ್ಟಿಲೆ ನೋಡಾಕತ್ತೈತಿ” ಎಂದಳು. ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ನಾಲ್ಕಡಿ ಎತ್ತರದ ಬೂದುಬಣ್ಣದ ದೇಹ, ಅಲುಗಾಡದ ನಿಲುವು, ನೇರವಾಗಿ ನಮ್ಮನ್ನೇ ದಿಟ್ಟಿಸುವ ಕಣ್ಣು, ಮುಖದ ತುಂಬ ಹರಡಿದ ಭಾರಿ ಕೊಕ್ಕು. ಕೋಪಿಷ್ಠನಾದ ಹಳೆಯ ಪಂಡಿತನೊಬ್ಬ ನೀರಿನಲ್ಲಿ ನಿಂತಂತೆ ತೋರುತ್ತಿತ್ತು. ಮಕ್ಕಳ ಮಾತನ್ನು ಹಗುರಾಗಿ ಬಿಡಬಾರದೆಂದು ಆ ಹಕ್ಕಿಯ ವೃತ್ತಾಂತವನ್ನು ತಿಳಿಯಹೊರಟೆ. ಅದು ನನ್ನನ್ನು ನಾನೆಣಿಸದ ಕಡೆಗೆ ಕರೆದೊಯ್ದಿತು.

ಈ ಪಕ್ಷಿಯ ಹೆಸರು ಶೂಬಿಲ್. ಎಂದರೆ ಬೂಟಿನಂಥ ಕೊಕ್ಕಿನದು. ಅರಬರು ಇದನ್ನು ‘ಅಬು ಮರ್ಕೂಬ್’, ಅಂದರೆ ‘ಪಾದರಕ್ಷೆಯ ತಂದೆ’ ಎಂದು ಕರೆದರು. 1850ರಲ್ಲಿ ಜಾನ್ ಗೌಲ್ಡ್ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞ ಇದಕ್ಕೆ ‘ಬಲೀನಿಸೆಪ್ಸ್ ರೆಕ್ಸ್’ ಎಂಬ ಶಾಸ್ತ್ರೀಯ ನಾಮವನ್ನಿತ್ತ. ತಿಮಿಂಗಿಲದ ತಲೆಯುಳ್ಳ ರಾಜ ಎಂಬುದು ಅದರ ಭಾವ. ಕೊಕ್ಕಿನ ಉದ್ದ ಸುಮಾರು 20 ಸೆಂಟಿಮೀಟರ್. ಬಿಚ್ಚಿದ ರೆಕ್ಕೆಗಳ ಹರವು ಎಂಟಡಿಯ ಆಸುಪಾಸು. ಬಹುಕಾಲ ಇದನ್ನು ಕೊಕ್ಕರೆಯ ಕುಲಕ್ಕೆ ಸೇರಿಸುತ್ತಿದ್ದರು. ಇದು ಪೆಲಿಕನ್ ಹಕ್ಕಿಗೆ, ಅಂದರೆ ನಮ್ಮ ಹೆಜ್ಜಾರ್ಲೆಗೆ, ಹತ್ತಿರದ ಬಂಧುವೆಂದು ಈಚಿನ ವಂಶವಾಹಿ ಪರೀಕ್ಷೆಗಳು ಹೇಳುತ್ತವೆ. ದಕ್ಷಿಣ ಸುಡಾನ್, ಯುಗಾಂಡಾ, ಟಾಂಜಾನಿಯಾ, ಜಾಂಬಿಯಾ ಮೊದಲಾದ ದೇಶಗಳ ವಿಶಾಲ ಜೌಗುನೆಲಗಳೇ ಇದರ ವಾಸಸ್ಥಾನ.

ಅಲ್ಲಿಯ ನಿಂತ ನೀರಿನಲ್ಲಿ ಪ್ರಾಣವಾಯು ಕಡಿಮೆ. ಆದುದರಿಂದ ಶ್ವಾಸಕೋಶವುಳ್ಳ ಒಂದು ಜಾತಿಯ ಮೀನು ಉಸಿರಿಗಾಗಿ ಆಗಾಗ ಮೇಲಕ್ಕೆ ಬರಲೇಬೇಕು. ಶೂಬಿಲ್ ಆ ಒಂದು ಕ್ಷಣಕ್ಕಾಗಿ ಬಹಳ ಹೊತ್ತು ಕದಲದೆ ಕಾಯುತ್ತದೆ. ಬಳಿಕ ಇಡೀ ದೇಹವನ್ನೇ ಮುಂದಕ್ಕೆ ಎಸೆದು ಮೇಲೆ ಬೀಳುತ್ತದೆ. ಕೊಕ್ಕಿನ ಹರಿತವಾದ ಅಂಚು ಒಮ್ಮೊಮ್ಮೆ ಮೀನಿನ ತಲೆಯನ್ನೇ ಕತ್ತರಿಸಿಬಿಡುತ್ತದೆ. ಇಂಥ ನಿಲುವಿಗೆ ನಾವು ‘ಬಕಧ್ಯಾನ’ ಎಂದು ಹೆಸರಿಟ್ಟು ಕಪಟಕ್ಕೆ ಉಪಮೆಯಾಗಿಸಿಕೊಂಡಿದ್ದೇವೆ. ಪಾಠ ಹೇಳುವಾಗ ನಾನೇ ಎಷ್ಟೋ ವಿದ್ಯಾರ್ಥಿಗಳನ್ನು ಆ ಮಾತಿನಿಂದ ಚುಚ್ಚಿದ್ದೇನೆ. ಮೀನು ಉಸಿರಿಗಾಗಿ ಮೇಲೆ ಬರುತ್ತದೆ, ಹಕ್ಕಿ ಅನ್ನಕ್ಕಾಗಿ ನಿಂತಿರುತ್ತದೆ. ಇದರಲ್ಲಿ ಕಪಟವೆಲ್ಲಿಯದು? ಕಂಡದ್ದಕ್ಕೆ ತನ್ನ ಎಣಿಕೆಯನ್ನು ಹಚ್ಚುವುದು ಮನುಷ್ಯನ ಅಭ್ಯಾಸ.

ಮನಸ್ಸನ್ನು ಕಲಕಿದ್ದು ಇದರ ಗೂಡಿನ ಸಂಗತಿ. ತೇಲುವ ಜೊಂಡಿನ ರಾಶಿಯ ಮೇಲೆ ಗೂಡು. ಸಾಮಾನ್ಯವಾಗಿ ಎರಡು ಮೊಟ್ಟೆ. ತಂದೆತಾಯಿಗಳಿಬ್ಬರೂ ಸುಮಾರು 30 ದಿನ ಸರದಿಯಂತೆ ಕಾವು ಕೊಡುತ್ತಾರೆ. ಬಿಸಿಲೇರಿದಾಗ ಕೊಕ್ಕಿನಲ್ಲಿ ನೀರು ತಂದು ಮೊಟ್ಟೆಗಳ ಮೇಲೆ ಸುರಿದು ತಂಪುಗೊಳಿಸುತ್ತಾರೆ. ತಲೆ ಕತ್ತರಿಸುವ ಕೊಕ್ಕೂ ಅದೇ, ತಂಪೆರೆಯುವ ಕೊಕ್ಕೂ ಅದೇ. ಮೊದಲ ಮರಿ ಹುಟ್ಟಿ ಕೆಲವು ದಿನಗಳಾದ ಮೇಲೆ ಎರಡನೆಯದು ಹೊರಬರುತ್ತದೆ. ಅಷ್ಟರಲ್ಲಿ ಹಿರಿಯದು ಬಲಿತು ಕಿರಿಯದನ್ನು ಕುಕ್ಕತೊಡಗುತ್ತದೆ. ಜಾಂಬಿಯಾದ ಬ್ಯಾಂಗ್ವೆಯುಲು ಜೌಗುಪ್ರದೇಶದಲ್ಲಿ ತೆಗೆದ ಇಂಥ ದೃಶ್ಯವನ್ನು ಬಿಬಿಸಿಯ 2013ರ ‘ಆಫ್ರಿಕಾ’ ಸರಣಿಯಲ್ಲಿ ಕಂಡೆ. ತಾಯಿ ನೀರು ತಂದು ಹಿರಿಯ ಮರಿಗೇ ಕೊಡುತ್ತದೆ. ಬಳಲಿದ ಕಿರಿಯದು ನೋಡುತ್ತಿರುತ್ತದೆ. ಆ ಕೆಸರುನೆಲ ಸಾಮಾನ್ಯವಾಗಿ ಒಂದು ಮರಿಯನ್ನಷ್ಟೇ ಸಾಕಬಲ್ಲದು. ಮೊದಲನೆಯದು ಉಳಿಯದಿದ್ದರೆ ಇರಲೆಂದು ಎರಡನೆಯದು.

ನಾನೂ ಎರಡನೆಯ ಮರಿ. 1972ರ ಬರಗಾಲದಲ್ಲಿ ನನಗೆ ಹನ್ನೊಂದು, ಅಣ್ಣನಿಗೆ ಹದಿನಾಲ್ಕು. ವಿಜಾಪುರ ಸೀಮೆಯ ನಮ್ಮ ಹೊಲದಲ್ಲಿ ಜೋಳ ಬಿತ್ತಿದ್ದು ಬಿತ್ತಿದಲ್ಲೇ ಸುಟ್ಟುಹೋಯಿತು. ಒಂದು ಮುಂಜಾನೆ ಅವ್ವ ನನ್ನ ಕೈಹಿಡಿದು ನಡೆಸಿಕೊಂಡು ಹೋಗಿ ಮಠದ ಉಚಿತ ಪ್ರಸಾದನಿಲಯದಲ್ಲಿ ಬಿಟ್ಟಳು. ನನ್ನನ್ನು ಪಂಕ್ತಿಯಲ್ಲಿ ಕೂರಿಸಿ, ತಾನು ತುತ್ತನ್ನೂ ಮುಟ್ಟದೆ, ತಿರುಗಿ ನೋಡದೆ ಹೊರಟುಹೋದಳು. ಅಲ್ಲಿ ಅನ್ನ ಸಿಕ್ಕಿತು, ಅಕ್ಷರ ಸಿಕ್ಕಿತು, ವ್ಯಾಕರಣ ಸಿಕ್ಕಿತು. ಆದರೂ ಅಣ್ಣನನ್ನಿಟ್ಟುಕೊಂಡು ನನ್ನನ್ನು ಬಿಟ್ಟಳೆಂಬ ಮುಳ್ಳು ಒಳಗೆ ಮುರಿದುಕೊಂಡು ಉಳಿಯಿತು. ಅವ್ವ ಇರುವವರೆಗೂ ಆ ಮಾತನ್ನು ನಾನೆತ್ತಲಿಲ್ಲ, ಅವಳೂ ಎತ್ತಲಿಲ್ಲ.

ಆ ಚಿತ್ರವನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಊರಿನಲ್ಲಿರುವ ಅಣ್ಣನಿಗೆ ಫೋನು ಮಾಡಿ, ಐವತ್ತು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನಿನ್ನ ಬಿಟ್ಟು ಬಂದ ದಿನ ಅವ್ವ ಒಲಿ ಹಚ್ಚಲಿಲ್ಲೋ ತಮ್ಮಾ. ನನಗ ಬ್ಯಾರೇನ ಅನಿಸಿತ್ತು. ಹೊಟ್ಟಿ ತುಂಬೋ ಕಡೆ ನಿನ್ನ ಕಳಿಸಿದ್ಲು, ಬಿಸಲಾಗ ನನ್ನ ಇಟ್ಟುಕೊಂಡ್ಲು ಅಂತ.”

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಣ್ಣ ಆ ವರ್ಷವೇ ಶಾಲೆ ಬಿಟ್ಟಿದ್ದ. ಹಾಗಾದರೆ ಕೈಬಿಟ್ಟ ಮರಿ ನಾನೆಂದು ನಾನು, ತಾನೆಂದು ಅವನು, ಇಬ್ಬರೂ ಒಂದೇ ನೋವನ್ನು ಎರಡು ಊರುಗಳಲ್ಲಿ ಸಾಕಿಕೊಂಡು ಬಂದಿದ್ದೆವು. ಒಬ್ಬನನ್ನು ಸಾಯಗೊಡದೆ ಇನ್ನೊಬ್ಬನನ್ನು ಉಳಿಸಿಕೊಂಡ ಅವ್ವನ ಸಂಕಟ ಇಬ್ಬರಿಗೂ ತಿಳಿದಿರಲಿಲ್ಲ. ಹಕ್ಕಿಗೆ ತನ್ನ ಎರಡನೆಯ ಮರಿಯನ್ನು ಒಯ್ದು ಒಪ್ಪಿಸಲು ಇನ್ನೊಂದು ಮನೆಯಿಲ್ಲ. ಅವ್ವ ಅಂಥದೊಂದು ಮನೆಯನ್ನು ಹುಡುಕಿಕೊಂಡು ನಡೆದಿದ್ದಳು.

ಈಗ ಹಕ್ಕಿಗೂ ಅಂಥದೊಂದು ಆಸರೆ ದೊರೆತಿದೆ. ಜಗತ್ತಿನಲ್ಲಿ ಉಳಿದಿರುವ ಶೂಬಿಲ್‌ಗಳು ಐದರಿಂದ ಎಂಟು ಸಾವಿರವೆಂದು ಅಂದಾಜು. ಜೌಗುನೆಲದ ನಾಶ, ಬೆಂಕಿ, ಮರಿಗಳ ಕಳ್ಳಸಾಗಣೆ ಇವು ಅದರ ಶತ್ರುಗಳು. ಬ್ಯಾಂಗ್ವೆಯುಲುವಿನಲ್ಲಿ ಸ್ಥಳೀಯರೇ ಗೂಡುಗಳಿಗೆ ಕಾವಲಿದ್ದಾರೆ. 2022ರಲ್ಲಿ ಅಲ್ಲಿ ಒಂದು ಪಾಲನಾಕೇಂದ್ರ ಆರಂಭವಾಗಿ, ಗೂಡಿನಲ್ಲಿ ಸಾಯಲಿದ್ದ ಎರಡನೆಯ ಮರಿಯನ್ನು ತಂದು ಸಾಕಿ, ಮತ್ತೆ ಕೆಸರಿಗೆ ಬಿಡುವ ಪ್ರಯತ್ನ ನಡೆದಿದೆ. ಮರಿ ಮನುಷ್ಯರಿಗೆ ಹೊಂದಿಕೊಂಡುಬಿಡಬಾರದೆಂದು ಉಣಿಸುವವರು ವೇಷ ಮರೆಸಿಕೊಂಡು ಉಣಿಸುತ್ತಾರಂತೆ. ಯಾರ ಕೈತುತ್ತೆಂಬುದು ತಿನ್ನುವ ಮರಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಓದುಗ ಬಂಧುಗಳೆ, ನಿಮ್ಮ ಮನೆಗಳಲ್ಲಿಯೂ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಾರೆ. ಬಾಲ್ಯದ ಯಾವುದೋ ಒಂದು ತುತ್ತಿನ ಲೆಕ್ಕವನ್ನು ಒಳಗೇ ಇಟ್ಟುಕೊಂಡಿದ್ದರೆ, ಕೇಳಲು ಮನುಷ್ಯರಿರುವಾಗಲೇ ಕೇಳಿಬಿಡಿ. ನಾನು ಅವ್ವನನ್ನು ಕೇಳಲು ತಡಮಾಡಿದೆ. ಬರುವ ಬನ್ನಿ ಹಬ್ಬಕ್ಕೆ ಊರಿಗೆ ಹೋಗುವವನಿದ್ದೇನೆ. ಅಣ್ಣನ ಜೊತೆ ಒಂದೇ ತಾಟಿನಲ್ಲಿ ಉಂಡು ಐವತ್ತಕ್ಕೂ ಹೆಚ್ಚು ವರ್ಷಗಳಾದುವು.